ಮುಂಡಗೋಡದ ಬೌದ್ಧ ಮಂದಿರಕ್ಕೆ ನಾವೂ ಹೋಗಬಹುದೆ?

ಪ್ರಶ್ನೆ: ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ನೋಡುವ ಆಸೆ. ಬೌದ್ಧರಲ್ಲದವರನ್ನು ಒಳಗೆ ಬಿಡುತ್ತಾರೆಯೇ? ಪರವಾನಗಿ ಬೇಕೇ?
– ಓದುಗರೊಬ್ಬರು, ಅಣ್ಣಿಗೇರಿ

ಉತ್ತರ: ಧಾರಾಳವಾಗಿ ಹೋಗಿಬನ್ನಿ. ವಿಶೇಷ ಪರವಾನಗಿ ಬೇಕಾಗುವುದು ವಿದೇಶಿಯರಿಗೆ, ನಮಗಲ್ಲ. ಅಣ್ಣಿಗೇರಿಯಿಂದ ಹುಬ್ಬಳ್ಳಿ, ಅಲ್ಲಿಂದ ತಡಸ ಮಾರ್ಗವಾಗಿ ಮುಂಡಗೋಡ. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದು.

1966ರಲ್ಲಿ ನಿರಾಶ್ರಿತರಿಗಾಗಿ ಆರಂಭವಾದ ವಸಾಹತು ಇದು. ಲ್ಹಾಸಾ ಬಳಿ 1409ರಲ್ಲಿ ಹುಟ್ಟಿದ ಗಾಂಡೆನ್, 1416ರ ಡ್ರೆಪುಂಗ್ ಮಠಗಳು ಇಲ್ಲಿ ಮರುಹುಟ್ಟು ಪಡೆದಿವೆ.

ಚಪ್ಪಲಿ, ಟೋಪಿ ತೆಗೆದು ಒಳಗೆ ಹೋಗಿ. ಪ್ರದಕ್ಷಿಣೆ ನಿಮ್ಮೂರಿನ ಅಮೃತೇಶ್ವರ ಗುಡಿಯಲ್ಲಿ ಹಾಕುವಂತೆಯೇ, ಬಲಕ್ಕೆ. ಪ್ರಾರ್ಥನಾ ಚಕ್ರ ತಿರುಗಿಸುವುದೂ ಹಾಗೆಯೇ. ಭಿಕ್ಷುಗಳು ಕೂರುವ ದಿಂಬು ದಾಟಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಅದೃಷ್ಟವಿದ್ದರೆ ಅಂಗಳದಲ್ಲಿ ತರ್ಕ ನಡೆದಿರುತ್ತದೆ: ಕೂತವನಿಗೆ ನಿಂತವನ ಪ್ರಶ್ನೆ, ಕೊನೆಗೆ ಕಾಲು ನೆಲಕ್ಕೆ ಅಪ್ಪಳಿಸಿ ಚಟ್ಟನೆ ಒಂದು ಚಪ್ಪಾಳೆ. ಜಗಳವೆಂದು ಗಾಬರಿಯಾಗಬೇಡಿ, ಅದು ಪಾಠ. ಚಿನ್ನದ ಬಣ್ಣದ ಮೂರ್ತಿಗಳಿಗಿಂತ ನನಗೆ ಇದೇ ಹೆಚ್ಚು ಇಷ್ಟ. ಉಪ್ಪು, ಬೆಣ್ಣೆ ಹಾಕಿದ ಚಹಾ ಮಾತ್ರ ಮೊದಲ ಗುಟುಕಿಗೇ ಹಿಡಿಸುವುದು ಕಷ್ಟ!

ಬೌದ್ಧಧರ್ಮ ನಮ್ಮ ಸೀಮೆಗೆ ಹೊಸ ನೆಂಟನೇನಲ್ಲ. ಗದಗ ಸಮೀಪದ ಡಂಬಳದಲ್ಲಿ ತಾರಾದೇವಿಯ ವಿಹಾರವಿದ್ದುದನ್ನು 1095ರ ಶಾಸನ ಹೇಳುತ್ತದೆ. ಇನ್ನೊಂದು ರವಿವಾರ ಅಲ್ಲಿಗೂ ಹೋಗಿಬನ್ನಿ.