ಸಿಮೆಂಟ್ ಸೀಮೆಯಲ್ಲಿ ಕೆಲಸದ ತೃಪ್ತಿ: ತಪ್ಪು ಕಲ್ಪನೆ ಮತ್ತು ಸತ್ಯ

ಕಾಗಿಣಾ ನದಿ ಕಣಿವೆಯ ಸುಣ್ಣದ ಕಲ್ಲು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನು ಸಿಮೆಂಟ್ ಸೀಮೆಯಾಗಿಸಿದೆ. ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀಯಂಥ ಕಾರ್ಖಾನೆಗಳ ಸುತ್ತಲೇ ಊರಿನ ಬದುಕು ಬೆಳೆದಿದೆ. ಯೂನಿಯನ್ ಜೋರಾಗಿರುವ ಕಡೆ ಕಾರ್ಮಿಕರು ಅತೃಪ್ತರು ಎಂಬ ಮಾತು ಇಲ್ಲಿ ಸಾಮಾನ್ಯ.

ಈ ಮಾತಿನಲ್ಲಿರುವುದು ಅರ್ಧ ಸತ್ಯ. ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1978ರಲ್ಲಿ ಅಮೆರಿಕದ ಸಮೀಕ್ಷೆಗಳನ್ನು ಪರಿಶೀಲಿಸಿದಾಗ, ಯೂನಿಯನ್ ಸದಸ್ಯರು ಹೆಚ್ಚು ಅತೃಪ್ತಿ ಹೇಳಿಕೊಂಡರೂ ಕೆಲಸ ಬಿಡುವುದು ಕಡಿಮೆ ಎಂದು ಕಂಡುಬಂತು. ದೂರನ್ನು ಹೇಳಿಕೊಳ್ಳಲು ಜಾಗವಿದ್ದವನು ಬಾಯಿ ಬಿಡುತ್ತಾನೆ, ಇಲ್ಲದವನು ಗಂಟುಮೂಟೆ ಕಟ್ಟುತ್ತಾನೆ. ಗೇಟಿನ ಮುಂದಿನ ಘೋಷಣೆಯಷ್ಟನ್ನೇ ಕೇಳಿ ಒಳಗಿನ ಸಮಾಧಾನವನ್ನು ಅಳೆಯಲಾಗದು.

ಯೂನಿಯನ್ನಿನವನು ಕಂಪನಿಗೆ ಆಗದವನು ಎಂಬುದೂ ನಿಲ್ಲುವುದಿಲ್ಲ. ಶಿಕಾಗೋದ ಮಾಂಸ ಸಂಸ್ಕರಣಾ ಕಾರ್ಮಿಕರನ್ನು ಮಾತನಾಡಿಸಿದ ಥಿಯೋಡೋರ್ ಪರ್ಸೆಲ್ 1953ರಲ್ಲೇ ಇದನ್ನು ತೋರಿಸಿದ್ದರು: ಹೆಚ್ಚಿನವರಿಗೆ ಎರಡೂ ಕಡೆ ನಿಷ್ಠೆ ಇತ್ತು.

ಸಂಬಳ ಏರಿದರೆ ಎಲ್ಲ ಸರಿ ಎನ್ನುವವರೂ ಇದ್ದಾರೆ. ಆದರೆ ಸಿಮೆಂಟ್ ಉದ್ಯಮದಲ್ಲಿ ಕಾಯಂ ಕಾರ್ಮಿಕರ ವೇತನ ಬಹುಕಾಲದಿಂದ ತಯಾರಕರ ಸಂಘ ಮತ್ತು ಕೇಂದ್ರ ಕಾರ್ಮಿಕ ಸಂಘಟನೆಗಳ ರಾಷ್ಟ್ರಮಟ್ಟದ ಒಪ್ಪಂದಗಳಿಂದ ರೂಪುಗೊಂಡಿದೆ. ವೇತನ ಹೀಗೆ ಹೊರಗೆ ತೀರ್ಮಾನವಾದಾಗ, ಶಿಫ್ಟ್ ಹಂಚಿಕೆ, ರಜೆ, ಬಡ್ತಿ, ಕ್ವಾರ್ಟರ್ಸ್‌ಗಳಲ್ಲಿಯೇ ಯೂನಿಯನ್ ಮತ್ತು ಆಡಳಿತ, ಎರಡರ ಸ್ಥಳೀಯ ನಾಯಕತ್ವದ ಪರೀಕ್ಷೆ ನಡೆಯುತ್ತದೆ.

ಯೂನಿಯನ್ ಎಲ್ಲರನ್ನೂ ಕಾಯುತ್ತದೆ ಎಂಬ ನಂಬಿಕೆ ಮಾತ್ರ ಹೆಚ್ಚು ದುಬಾರಿ. ಪ್ಯಾಕಿಂಗ್ ವಿಭಾಗದಲ್ಲಿ ತಿರುಗುವ ಯಂತ್ರದ ನಳಿಕೆಯಿಂದ ತುಂಬಿದ 50 ಕೆ.ಜಿ. ಚೀಲ ಬೆಲ್ಟ್ ಮೇಲೆ ಉರುಳಿ ಬರುತ್ತದೆ. ಲಾರಿಯೊಳಗೆ, ದೂಳಿನ ನಡುವೆ ನಿಂತ ಹಮಾಲ ಅದನ್ನು ಹಿಡಿದು ಸಾಲಿಗೆ ಜೋಡಿಸುತ್ತಾನೆ. ಅವನು ಬಹುಮಟ್ಟಿಗೆ ಗುತ್ತಿಗೆಯವನು. 1958ರಲ್ಲಿ ನೇಮಕವಾದ ಸಿಮೆಂಟ್ ವೇತನ ಮಂಡಳಿ ಗುತ್ತಿಗೆ ಪದ್ಧತಿ ಬೇಡವೆಂದಾಗಲೂ ಲೋಡಿಂಗ್–ಅನ್‌ಲೋಡಿಂಗ್‌ಗೆ ವಿನಾಯಿತಿ ಕೊಟ್ಟಿತ್ತು. ಹಮಾಲನ ಮಾಸ್ಕು, ವಿರಾಮ, ಪಾಳಿ ತಂಡದ ಮೇಸ್ತ್ರಿಯಾದ ಮುಕಾದಮನ ಕೈಯಲ್ಲಿವೆ. ಕಾಯಂ ನೌಕರರ ಯೂನಿಯನ್ ಅವನನ್ನು ಸೇರಿಸಿಕೊಳ್ಳದಿದ್ದರೆ, ಮ್ಯಾನೇಜರನೂ ಗುತ್ತಿಗೆದಾರನತ್ತ ಬೆರಳು ತೋರಿದರೆ, ಅವನ ಪಾಲಿಗೆ ಎರಡೂ ನಾಯಕತ್ವ ಇಲ್ಲ.

ದೂರು ತೀರಿಸಲು ಮುಷ್ಕರವೊಂದೇ ದಾರಿ ಎಂಬುದೂ ತಪ್ಪು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಕಡೆಯವರು ಸಮಸಂಖ್ಯೆಯಲ್ಲಿದ್ದು, ಅಧ್ಯಕ್ಷತೆ ವರ್ಷಕ್ಕೊಮ್ಮೆ ಅದಲು ಬದಲಾಗಬೇಕು; ದೂರಿನ ವಿಚಾರಣೆ 30 ದಿನಗಳಲ್ಲಿ ಮುಗಿಯಬೇಕು.