‘ಸ್ಟಾಕ್’ ಅಂದರೆ ಯಾವ ಊರು? ಹೇಳಿ ನೋಡೋಣ!

ನಿಮ್ಮ ಕೈಯಲ್ಲೊಂದು ಲಕೋಟೆ ಇದೆ ಅಂದುಕೊಳ್ಳಿ. ಮೇಲೊಂದು ಹೆಸರು, ಅಡ್ಡಹೆಸರು ಮಾರ್ಬರಿ. ಊರಿನ ಜಾಗದಲ್ಲಿ ಒಂದೇ ಪದ: ‘ಸ್ಟಾಕ್’. ಬೀದಿ ಇಲ್ಲ. ಮನೆ ನಂಬರಿಲ್ಲ. ರಾಜ್ಯವೂ ಇಲ್ಲ! ಅಮೆರಿಕದಷ್ಟು ದೊಡ್ಡ ದೇಶದಲ್ಲಿ ಇದನ್ನು ಎಲ್ಲಿಗೆ ಕಳಿಸುತ್ತೀರಿ?

ಕೈಚೆಲ್ಲಿದಿರಾ? ಪ್ಯಾಟಿ ಲೈಲ್ ಕಾಲಿನ್ಸ್ ಚೆಲ್ಲಲಿಲ್ಲ!

19ನೇ ಶತಮಾನದ ಕೊನೆ. ವಾಷಿಂಗ್ಟನ್ನಿನ ‘ಡೆಡ್ ಲೆಟರ್ ಆಫೀಸ್’. ದಿಕ್ಕುದೆಸೆ ತಿಳಿಯದ ಪತ್ರಗಳೆಲ್ಲ ಬಂದು ಬೀಳುತ್ತಿದ್ದ ಜಾಗ. ಗಂಡ ತೀರಿಕೊಂಡ ಮೇಲೆ ಸಂಸಾರ ಸಾಕಲು ಇಲ್ಲಿ ಕೆಲಸಕ್ಕೆ ಸೇರಿದ್ದ ಈಕೆ ಆ ಲಕೋಟೆಯನ್ನು ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್‌ಗೆ ಕಳಿಸಿದರು. ಹೇಗೆ ಗೊತ್ತಾಯಿತು? ಆ ಊರಲ್ಲಿ ಮಾರ್ಬರಿಗಳು ಜಾಸ್ತಿ ಅಂತ ಆಕೆಗೆ ಗೊತ್ತಿತ್ತು. ಅಷ್ಟೇ!

‘ಕಾರ್ಯಪ್ಪ’ ಅಂದ ಕೂಡಲೇ ನಾವು ಕೊಡಗು ಅನ್ನುವುದಿಲ್ಲವೇ? ಹಾಗೆ. ಆದರೆ ಈಕೆ ಇಡೀ ದೇಶಕ್ಕೇ ಹಾಗೆ ಅನ್ನುತ್ತಿದ್ದರು!

ಇನ್ನೊಂದು ಲಕೋಟೆ. ವಿಳಾಸ: ‘ದಿ ಐಲ್ಯಾಂಡ್’. ದ್ವೀಪ! ಯಾವ ಸಮುದ್ರದಲ್ಲಿ ಹುಡುಕುತ್ತೀರಿ? ಬೇಡ, ಸಮುದ್ರವನ್ನು ಮರೆತುಬಿಡಿ. ಪತ್ರ ಹೋದದ್ದು ಕಡಲೇ ಇಲ್ಲದ ವೆಸ್ಟ್ ವರ್ಜೀನಿಯಾಕ್ಕೆ! ಅಲ್ಲಿನ ವೀಲಿಂಗ್ ಪಟ್ಟಣದ ಒಂದು ಭಾಗ ಓಹಾಯೋ ನದಿಯ ನಡುವೆ ಇದೆ. ಊರವರು ಅದನ್ನು ಕರೆಯುವುದೇ ‘ಐಲ್ಯಾಂಡ್’ ಅಂತ.

ಇಂಥ ಒಗಟುಗಳನ್ನು ಆಕೆ ದಿನಕ್ಕೆ ಎಷ್ಟು ಬಿಡಿಸುತ್ತಿದ್ದರು? ಹತ್ತು? ಐವತ್ತು?

ಸುಮಾರು 1,000!

ಅದು ಆ ಕಾಲ ಬಿಡಿ ಅನ್ನುತ್ತೀರಾ? 2016ಕ್ಕೆ ಬನ್ನಿ. ಐಸ್‌ಲ್ಯಾಂಡಿಗೆ ಬಂದ ಒಂದು ಪತ್ರದ ಮೇಲೆ ಹೆಸರೇ ಇರಲಿಲ್ಲ! ಇದ್ದದ್ದು ದೇಶ, ಬೂದರ್‌ದಾಲುರ್ ಎಂಬ ಊರು, ಜೊತೆಗೆ ಒಂದು ವರ್ಣನೆ: ಕುದುರೆ ಸಾಕುವ ತೋಟ, ಐಸ್‌ಲ್ಯಾಂಡ್–ಡೆನ್ಮಾರ್ಕಿನ ಜೋಡಿ, ಮೂರು ಮಕ್ಕಳು, ರಾಶಿ ಕುರಿಗಳು. ಪಕ್ಕದಲ್ಲಿ ಕೈಯಲ್ಲಿ ಗೀಚಿದ ನಕ್ಷೆ. ಪತ್ರ ಸೇರಿತೇ? ಸೇರಿತು! ನನಗಂತೂ ಆ ‘ರಾಶಿ ಕುರಿಗಳು’ ತುಂಬ ಇಷ್ಟ. ಅವನ್ನೂ ಲಕೋಟೆಯ ಮೇಲೆ ಬರೆಯಬೇಕು ಅಂತ ಹೊಳೆಯಿತಲ್ಲ!

ಈಗ ನಮ್ಮ ಒಗಟು. ‘ಹೊಸಹಳ್ಳಿ, ಕರ್ನಾಟಕ’. ನಗಬೇಡಿ! ಯಾವ ಹೊಸಹಳ್ಳಿ? ತಾಲ್ಲೂಕಿಗೊಂದು ಸಿಕ್ಕೀತು! ಕಾಲಿನ್ಸ್ ಕೂಡ ತಲೆ ಕೆರೆದುಕೊಳ್ಳುತ್ತಿದ್ದರು.

ಈ ಗೋಜಲು ಬಿಡಿಸಿದವರು ಯಾರು ಗೊತ್ತೇ? ಸಂಸ್ಕೃತದ ಕವಿ! ಶ್ರೀರಾಮ ಭಿಕಾಜಿ ವೇಲಣಕರ್, ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ. ಅವರು ರೂಪಿಸಿದ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಬರೀ ಆರು ಅಂಕಿ!

571401 ನೋಡಿ. ಮೊದಲ 5 ಬಿದ್ದ ಕೂಡಲೇ ಉಳಿಯುವುದು ಕರ್ನಾಟಕ, ಆಂಧ್ರ, ತೆಲಂಗಾಣ. 57 ಅಂದಿರಾ? ಆಂಧ್ರ, ತೆಲಂಗಾಣ ಔಟ್! 571 ಅಂದರೆ ಮೈಸೂರು, ಮಂಡ್ಯ, ಕೊಡಗಿನ ಕಡೆ. ಕೊನೆಯ 401? ಮಂಡ್ಯದ ಅಂಚೆ ಕಚೇರಿಯ ಬಾಗಿಲು! ಆಮೇಲಿನದು ಪೋಸ್ಟ್‌ಮ್ಯಾನ್ ಸೈಕಲ್ಲಿನ ಕೆಲಸ.

ತಾಳಿ, ಮುಗಿದಿಲ್ಲ! 2025ರಲ್ಲಿ ಅಂಚೆ ಇಲಾಖೆ ‘ಡಿಜಿಪಿನ್’ ತಂದಿತು. ಹತ್ತು ಅಕ್ಷರ–ಅಂಕಿಗಳ ಗುರುತು. ನಕ್ಷೆಯನ್ನು 16 ಚೌಕ ಮಾಡು, ಒಂದನ್ನು ಆರಿಸು, ಅದನ್ನು ಮತ್ತೆ 16 ಮಾಡು... ಹೀಗೆ ಹತ್ತು ಸಲ. ಕೊನೆಗೆ ಒಟ್ಟು ಎಷ್ಟು ಚೌಕ? ಲಕ್ಷ? ಕೋಟಿ?

ಒಂದು ಲಕ್ಷ ಕೋಟಿಗೂ ಹೆಚ್ಚು!

ಒಂದೊಂದು ಚೌಕ ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಅಂದರೆ ನಿಮ್ಮ ಜಗಲಿಗೊಂದು ವಿಳಾಸ. ಹಿತ್ತಲಿನ ಹಲಸಿನ ಮರಕ್ಕೆ ಬೇರೆಯದೇ ವಿಳಾಸ!