ಹಿಮದ ಚಿರತೆಯೂ ಕಬ್ಬಿನ ಗದ್ದೆಯ ಚಿರತೆಯೂ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಶಿಂಷಾ ನದಿಗೆ ಸಮೀಪದಲ್ಲಿರುವ ಈ ಹಳ್ಳಿಯ ಹುಣಿಸೆ, ಆಲ, ಅರಳಿ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷ ವರ್ಷವೂ ಬಂದು ಗೂಡು ಕಟ್ಟಿ ಮರಿ ಮಾಡುವುದುಂಟು. ಊರಿನವರು ಅವುಗಳನ್ನು ಓಡಿಸುವುದಿಲ್ಲ. ಹುಣಿಸೆಯ ಫಸಲು ಕಡಮೆಯಾದರೂ ಸಹಿಸಿಕೊಳ್ಳುತ್ತಾರೆ. ಗೂಡಿನಿಂದ ಜಾರಿ ಬಿದ್ದ ಮರಿಗಳಿಗೆ ಮೀನು ಕೊಟ್ಟು ಸಾಕುವ ‘ಹೆಜ್ಜಾರ್ಲೆ ಬಳಗ’ವೂ ಅಲ್ಲಿ ಹುಟ್ಟಿತು. ೨೦೦೭ರಲ್ಲಿ ಸರ್ಕಾರವು ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು.

ಈ ಸ್ನೇಹವನ್ನು ಹೊಗಳುವಾಗ ಒಂದು ಸಂಗತಿಯನ್ನು ನಾವು ಮರೆಯಬಾರದು. ಹೆಜ್ಜಾರ್ಲೆಯು ಮೀನು ತಿನ್ನುವ ಹಕ್ಕಿ. ಅದು ಯಾರ ಕೊಟ್ಟಿಗೆಗೂ ನುಗ್ಗುವುದಿಲ್ಲ. ಮರದ ಕೆಳಗೆ ಬೀಳುವ ಅದರ ಹಿಕ್ಕೆಯಾದರೋ ಹೊಲಕ್ಕೆ ಒಳ್ಳೆಯ ಗೊಬ್ಬರ. ಇಂಥ ಅತಿಥಿಯನ್ನು ಆದರಿಸುವುದು ಅಷ್ಟು ಕಷ್ಟವಲ್ಲ. ಆದರೆ ಬಂದ ಅತಿಥಿಯು ರಾತ್ರಿಯ ವೇಳೆ ಮೇಕೆಯನ್ನು ಹೊತ್ತುಕೊಂಡು ಹೋಗುವಂಥದಾದರೆ? ಈ ಪ್ರಶ್ನೆಯು ಹಿಮಾಲಯದ ಕುರಿಗಾಹಿಗೂ ನಮ್ಮ ಮಳವಳ್ಳಿ ಸೀಮೆಯ ಒಕ್ಕಲಿಗನಿಗೂ ಒಂದೇ ಆಗಿದೆ. ಅಲ್ಲಿ ಹಿಮದ ಚಿರತೆ, ಇಲ್ಲಿ ಹಳ್ಳಿಗರು ಕಿರುಬವೆಂದು ಕರೆಯುವ ನಮ್ಮ ಚಿರತೆ. ಎರಡರ ಸ್ವಭಾವವನ್ನೂ ಸ್ವಲ್ಪ ಹೋಲಿಸಿ ನೋಡಿದರೆ ಉತ್ತರಕ್ಕೆ ದಾರಿ ಸಿಕ್ಕೀತು.

ಹೆಸರಿನಲ್ಲಿ ಚಿರತೆಯೆಂದಿದ್ದರೂ ರಕ್ತಸಂಬಂಧದಲ್ಲಿ ಹಿಮದ ಚಿರತೆಯು ಹುಲಿಗೆ ಹೆಚ್ಚು ಹತ್ತಿರವೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಮಧ್ಯ ಏಷ್ಯದ ಹನ್ನೆರಡು ದೇಶಗಳ ಪರ್ವತಗಳೇ ಅದರ ವಾಸಸ್ಥಾನ. ಕೊಕ್ಕರೆ ಬೆಳ್ಳೂರು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗಳ ಆಸುಪಾಸಿನಲ್ಲಿದೆ. ಹಿಮದ ಚಿರತೆಯು ಸಾಮಾನ್ಯವಾಗಿ ೧೦,೦೦೦ದಿಂದ ೧೮,೦೦೦ ಅಡಿಗಳ ಎತ್ತರದಲ್ಲಿ, ಮರಗಳೇ ಬೆಳೆಯದ ಬಂಡೆಗಳ ನಡುವೆ ಬಾಳುತ್ತದೆ. ಅಲ್ಲಿನ ಚಳಿಗೂ ಕಡಿದಾದ ಇಳಿಜಾರಿಗೂ ತಕ್ಕಂತೆ ಅದರ ಅಂಗಾಂಗಗಳು ರೂಪುಗೊಂಡಿವೆ. ಮೈಯ ತುಪ್ಪಳು ಬಹಳ ದಟ್ಟ. ಹೊಟ್ಟೆಯ ಭಾಗದಲ್ಲಿ ಅದು ನಾಲ್ಕೈದು ಅಂಗುಲ ಉದ್ದವಿರುತ್ತದೆ. ಅಂಗಾಲುಗಳು ಅಗಲವಾಗಿ, ಅಡಿಯಲ್ಲಿಯೂ ರೋಮ ಹೊದ್ದಿರುವುದರಿಂದ ಮೆತ್ತನೆಯ ಹಿಮದಲ್ಲಿ ಹೂತುಹೋಗುವುದಿಲ್ಲ. ಮೂಗಿನ ಒಳಗಣ ಅವಕಾಶವು ವಿಶಾಲವಾದದ್ದು; ತಣ್ಣನೆಯ ಗಾಳಿಯು ಶ್ವಾಸಕೋಶಕ್ಕೆ ಸೇರುವ ಮುನ್ನ ಅಲ್ಲಿ ಬೆಚ್ಚಗಾಗುತ್ತದೆ. ಬಾಲವಂತೂ ದೇಹದಷ್ಟೇ ಉದ್ದವೆನ್ನಬಹುದು. ಬಂಡೆಯಿಂದ ಬಂಡೆಗೆ ನೆಗೆಯುವಾಗ ತೂಕವನ್ನು ಹಿಡಿಯುವುದಕ್ಕೂ, ಮಲಗಿದಾಗ ಮುಖಕ್ಕೆ ಸುತ್ತಿಕೊಳ್ಳುವುದಕ್ಕೂ ಅದೇ ಸಾಧನ. ಬೂದು ಬಣ್ಣದ ಮೈಯ ಮೇಲೆ ಕಪ್ಪು ಉಂಗುರಗಳಿರುವುದರಿಂದ, ಕದಲದೆ ಕುಳಿತರೆ ಬಂಡೆ ಯಾವುದು, ಮೃಗ ಯಾವುದು ಎಂದು ಹೇಳುವುದು ಕಷ್ಟ.

ಹುಲಿ ಸಿಂಹಗಳ ಬಳಗಕ್ಕೆ ಸೇರಿದ್ದರೂ ಹಿಮದ ಚಿರತೆಗೆ ಗರ್ಜಿಸಲು ಬಾರದು. ಮೂಗಿನಿಂದ ಮೃದುವಾಗಿ ಪುಸುಗುಟ್ಟುವುದುಂಟು. ಜೊತೆಯನ್ನು ಹುಡುಕುವ ಕಾಲದಲ್ಲಿ ದೀರ್ಘವಾಗಿ ಕೂಗುವುದುಂಟು. ಉಳಿದ ಕಾಲದಲ್ಲಿ ಅದು ಒಂಟಿ. ಚಾಚಿದ ಬಂಡೆಗಳಿಗೆ ಮೂತ್ರ ಸಿಂಪಡಿಸಿ, ನೆಲವನ್ನು ಹಿಂಗಾಲಿನಿಂದ ಕೆರೆದು, ತಾನು ಹಾದುಹೋದ ಸುದ್ದಿಯನ್ನು ಮತ್ತೊಂದಕ್ಕೆ ತಿಳಿಸುತ್ತದೆ. ಜನವರಿಯಿಂದ ಮಾರ್ಚಿಯೊಳಗೆ ಗಂಡು ಹೆಣ್ಣು ಕೂಡುತ್ತವೆ. ಮೂರು ತಿಂಗಳಿಗೆ ತುಸು ಮೇಲ್ಪಟ್ಟು ಗರ್ಭ ಧರಿಸಿದ ತಾಯಿಯು ಬೇಸಗೆಯ ಮೊದಲಲ್ಲಿ ಎರಡು ಮೂರು ಮರಿಗಳನ್ನು ಹಾಕುತ್ತದೆ. ಮರಿಗಳು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ತಾಯಿಯ ಜೊತೆಯಲ್ಲಿದ್ದು ಬೇಟೆಯನ್ನು ಕಲಿಯಬೇಕು.

ಬೇಟೆಯ ವಿಷಯದಲ್ಲಿಯೇ ಮನುಷ್ಯನೊಡನೆ ಅದರ ವ್ಯಾಜ್ಯ. ಭರಲ್ ಎಂಬ ಕಾಡುಕುರಿಯೂ ಐಬೆಕ್ಸ್ ಎಂಬ ಕಾಡುಮೇಕೆಯೂ ಅದರ ಮುಖ್ಯ ಆಹಾರ. ತನಗಿಂತ ಎರಡು ಮೂರು ಪಾಲು ಭಾರವಾದ ಪ್ರಾಣಿಯನ್ನು ಕೆಡವಬಲ್ಲ ಶಕ್ತಿ ಅದಕ್ಕುಂಟು. ಎಂಟರಿಂದ ಹದಿನೈದು ದಿನಗಳಿಗೊಮ್ಮೆ ಒಂದು ದೊಡ್ಡ ಬೇಟೆ ದೊರೆತರೆ ಸಾಕು. ಆದರೆ ಬೆಟ್ಟದ ಹುಲ್ಲನ್ನೆಲ್ಲ ಸಾಕಿದ ಕುರಿಗಳೇ ಮೇದುಬಿಟ್ಟರೆ ಕಾಡುಕುರಿಗಳು ಕಡಮೆಯಾಗುತ್ತವೆ. ಆಗ ಅದು ಹಟ್ಟಿಗೆ ಬರುತ್ತದೆ. ಬಯಲಿನಲ್ಲಿ ಒಂದು ಕುರಿಯನ್ನು ಹಿಡಿದರೆ ಉಳಿದವು ಓಡಿಹೋಗುವುದರಿಂದ ಬೇಟೆಯು ಅಲ್ಲಿಗೆ ಮುಗಿಯುತ್ತದೆ. ಹಟ್ಟಿಯೊಳಗಾದರೋ ಕುರಿಗಳಿಗೆ ಓಡಲು ದಾರಿಯಿಲ್ಲ. ಕಣ್ಣೆದುರಿಗೆ ಅವು ಚದರಾಡುತ್ತಿರುವವರೆಗೂ ಮೃಗದ ಬೇಟೆಯ ಪ್ರವೃತ್ತಿಯು ತಣಿಯುವುದಿಲ್ಲ. ಒಂದೇ ರಾತ್ರಿಯಲ್ಲಿ ಹತ್ತಾರು ಕುರಿಗಳು ಸತ್ತು ಬೀಳುವುದಕ್ಕೆ ಇದು ಕಾರಣವೇ ಹೊರತು ಕ್ರೌರ್ಯವಲ್ಲ. ಬೆಳಗ್ಗೆ ಎದ್ದು ಬರಿದಾದ ಹಟ್ಟಿಯನ್ನು ನೋಡುವ ಬಡ ಕುರಿಗಾಹಿಗೆ ಈ ವಿವರಣೆಯಿಂದ ಸಮಾಧಾನವಾಗದೆಂಬುದೂ ನಿಜ.

ಇಲ್ಲಿ ನಮ್ಮ ಮೈಸೂರಿನ ಹೆಸರು ಬರುತ್ತದೆ. ೧೯೯೬ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಸಂಸ್ಥೆಯು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ ಹಿಮದ ಚಿರತೆಯ ಕೆಲಸವನ್ನು ಕೈಗೊಂಡಿತು. ಆ ಸಂಸ್ಥೆಯ ಚಾರುದತ್ತ ಮಿಶ್ರ ಅವರು ಸುಮಾರು ೧೪,೦೦೦ ಅಡಿಗಳ ಎತ್ತರದ ಕಿಬ್ಬರ್ ಗ್ರಾಮದವರೊಡನೆ ಕೂಡಿ ಎರಡು ಉಪಾಯಗಳನ್ನು ನಡೆಸಿದರು. ಒಂದು, ಗ್ರಾಮದ ಗೋಮಾಳದ ಒಂದು ಭಾಗದಲ್ಲಿ ದನಕುರಿಗಳನ್ನು ಮೇಯಿಸದೆ ಬಿಡುವುದು. ಇದರಿಂದ ಭರಲ್‌ಗಳಿಗೆ ಮೇವು ಉಳಿಯಿತು, ಅವುಗಳ ಸಂಖ್ಯೆಯೂ ಹೆಚ್ಚಿತು. ಮತ್ತೊಂದು, ಜಾನುವಾರುಗಳ ವಿಮೆ. ಸಾಕಿದವರು ತಲೆಗಿಷ್ಟೆಂದು ಹಣ ಕಟ್ಟುತ್ತಾರೆ. ಮೃಗವು ಕೊಂದರೆ ಗ್ರಾಮದವರದೇ ಸಮಿತಿಯು ಪರೀಕ್ಷಿಸಿ ಹಣ ಕೊಡುತ್ತದೆ. ನೆರೆಯವರ ಕಣ್ಣೆದುರಿಗೆ ಸುಳ್ಳು ಹೇಳುವುದು ಸುಲಭವಲ್ಲವಾದ್ದರಿಂದ ವ್ಯವಹಾರವು ಸರಿಯಾಗಿ ನಡೆಯುತ್ತದೆ. ಹಟ್ಟಿಗಳಿಗೆ ತಂತಿಯ ಬಲೆಯ ಮುಚ್ಚಿಗೆಯನ್ನು ಹಾಕಿಸಿದ ಕಡೆಗಳಲ್ಲಿ ರಾತ್ರಿಯ ಹಾವಳಿಗೂ ತಡೆಯಾಯಿತು. ಈ ಕಾರ್ಯಕ್ಕಾಗಿ ಮಿಶ್ರರಿಗೆ ೨೦೦೫ರಲ್ಲಿ ವಿಟ್ಲಿ ಪ್ರಶಸ್ತಿಯೂ ೨೦೨೨ರಲ್ಲಿ ವಿಟ್ಲಿ ಸ್ವರ್ಣ ಪ್ರಶಸ್ತಿಯೂ ಸಂದವು. ದೇಶದಲ್ಲಿ ನಡೆದ ಮೊದಲ ಪೂರ್ಣ ಎಣಿಕೆಯ ಫಲಿತಾಂಶವನ್ನು ೨೦೨೪ರ ಜನವರಿಯಲ್ಲಿ ಪ್ರಕಟಿಸಿದಾಗ ಭಾರತದ ಹಿಮದ ಚಿರತೆಗಳು ೭೧೮ ಎಂದು ತಿಳಿಯಿತು. ಅವುಗಳಲ್ಲಿ ೪೭೭ ಲಡಾಖಿನಲ್ಲಿಯೇ ಇದ್ದುವು.

ಇನ್ನು ನಮ್ಮ ಚಿರತೆಯ ಕಡೆಗೆ ತಿರುಗೋಣ. ೨೦೨೨ರ ಅಂದಾಜಿನಂತೆ ಭಾರತದಲ್ಲಿ ೧೩,೮೭೪ ಚಿರತೆಗಳು, ಕರ್ನಾಟಕದಲ್ಲಿ ೧,೮೭೯. ಹೊಲಗದ್ದೆಗಳ ನಡುವೆ ಬಾಳುವಂಥವು ಈ ಲೆಕ್ಕದಲ್ಲಿ ಪೂರ್ತಿಯಾಗಿ ಸೇರಿಲ್ಲ. ಹಿಮದ ಚಿರತೆಯು ಒಂದೇ ಬಗೆಯ ನೆಲಕ್ಕೆ ಕಟ್ಟುಬಿದ್ದ ಪ್ರಾಣಿ. ನಮ್ಮ ಚಿರತೆಯು ಎಲ್ಲಿಗಾದರೂ ಹೊಂದಿಕೊಳ್ಳಬಲ್ಲದು. ಮುತ್ತತ್ತಿಯ ಕಾಡಿನಲ್ಲಿ ಜಿಂಕೆಯನ್ನು ಹಿಡಿಯುವ ಜಾತಿಯೇ ಊರ ಬಳಿ ನಾಯಿಯನ್ನು ಹಿಡಿದು ಜೀವಿಸುತ್ತದೆ. ಮಂಡ್ಯದ ನಾಲೆಯ ಬಯಲಿನಲ್ಲಿ ವರ್ಷವೆಲ್ಲ ನಿಂತಿರುವ ಕಬ್ಬು ಅದಕ್ಕೆ ಕಾಡಿನಷ್ಟೇ ಮರೆ. ಕುಡಿಯಲು ನಾಲೆಯ ನೀರು, ತಿನ್ನಲು ಬೀದಿನಾಯಿ, ಮರಿ ಹಾಕಲು ಗದ್ದೆಯ ನಡುವಣ ನೆರಳು. ಕಟಾವಿನ ಕಾಲಕ್ಕೆ ಮರಿಗಳು ಕೂಲಿಯವರ ಕಣ್ಣಿಗೆ ಬೀಳುವುದು ಇದರಿಂದಲೇ.

ಹಿಮದ ಚಿರತೆಯು ಮನುಷ್ಯನನ್ನು ಕೊಂದಿತೆಂಬುದಕ್ಕೆ ಖಚಿತವಾದ ದಾಖಲೆಯಿಲ್ಲ. ನಮ್ಮ ಚಿರತೆಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಸಾಮಾನ್ಯವಾಗಿ ಅದು ಮನುಷ್ಯನಿಂದ ತಪ್ಪಿಸಿಕೊಳ್ಳುವ ಪ್ರಾಣಿಯೇ ಸರಿ. ಆದರೂ ಮಳವಳ್ಳಿಗೆ ನೆರೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ ೨೦೨೨ರ ಅಕ್ಟೋಬರಿನಿಂದ ೨೦೨೩ರ ಜನವರಿಯೊಳಗೆ ನಾಲ್ವರು ಚಿರತೆಯ ಬಾಯಿಗೆ ಬಿದ್ದರು. ಅವರಲ್ಲಿ ಒಬ್ಬ ಬಾಲಕನೂ ಇದ್ದನು. ಇಂಥ ದುಃಖವು ಬಂದೆರಗಿದ ಊರಿನವರಿಗೆ ಮೃಗರಕ್ಷಣೆಯ ಉಪದೇಶ ಮಾಡುವುದು ನ್ಯಾಯವಲ್ಲ. ಜನರನ್ನು ಕೊಲ್ಲುತ್ತಿರುವ ಚಿರತೆಯನ್ನು ಹಿಡಿಯಲೇಬೇಕು.

ಆದರೆ ಕಂಡ ಚಿರತೆಯನ್ನೆಲ್ಲ ಬೋನಿಗೆ ಹಾಕಿ ದೂರದ ಕಾಡಿಗೆ ಬಿಡಬೇಕೆಂಬ ಕೂಗಿನ ವಿಷಯವನ್ನು ವಿಚಾರಮಾಡಬೇಕು. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿಯೂ ಕಬ್ಬು ಹೆಚ್ಚು, ಚಿರತೆ ಹೆಚ್ಚು. ಅಲ್ಲಿ ಹಾಗೆ ಹಿಡಿದು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಣ ದಾಳಿಗಳು ತಗ್ಗುವ ಬದಲು ಏರಿದುವೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪ್ರತಿಯೊಂದು ಚಿರತೆಗೂ ತನ್ನದೊಂದು ಸರಹದ್ದುಂಟು. ಒಂದನ್ನು ತೆಗೆದರೆ ಆ ತೆರವಿಗೆ ಮತ್ತೊಂದು ಬರುತ್ತದೆ. ಒಯ್ದು ಬಿಟ್ಟದ್ದಾದರೋ ಗುರುತಿಲ್ಲದ ನೆಲದಲ್ಲಿ ಕಂಗೆಟ್ಟು ಅಲೆಯುತ್ತದೆ, ಇಲ್ಲವೆ ಹಳೆಯ ಜಾಗಕ್ಕೆ ಹಿಂದಿರುಗಲು ಹೊರಟು ಊರೂರುಗಳನ್ನು ಹಾಯುತ್ತದೆ.

ಆದ್ದರಿಂದ ಮಾಡತಕ್ಕ ಕೆಲಸವು ಬಹುಮಟ್ಟಿಗೆ ನಮ್ಮ ಅಂಗಳದಲ್ಲಿಯೇ ಇದೆ. ಮೇಕೆ ಕರುಗಳನ್ನು ರಾತ್ರಿ ಬಾಗಿಲೂ ಮುಚ್ಚಿಗೆಯೂ ಉಳ್ಳ ಕೊಟ್ಟಿಗೆಯಲ್ಲಿ ಕೂಡಬೇಕು. ಊರಿನ ಕಸವನ್ನೂ ಕೋಳಿ ಅಂಗಡಿಯ ತ್ಯಾಜ್ಯವನ್ನೂ ರಾಶಿ ಹಾಕಬಾರದು. ಕಸ ನಾಯಿಯನ್ನು ಕರೆಯುತ್ತದೆ, ನಾಯಿ ಚಿರತೆಯನ್ನು ಕರೆಯುತ್ತದೆ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಗದ್ದೆಗೆ ಹೋಗುವವರು ಜೊತೆಗೂಡಿ, ಮಾತನಾಡುತ್ತ, ದೀಪ ಹಿಡಿದು ಹೋಗಬೇಕು. ಕಬ್ಬಿನಲ್ಲಿ ಮರಿಗಳು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ರಾತ್ರಿ ತಾಯಿಯು ಬಂದು ಅವುಗಳನ್ನು ಕಚ್ಚಿಕೊಂಡು ಹೋಗುವುದು ಅನೇಕ ವೇಳೆ ನಡೆದಿದೆ. ಚಿರತೆ ಕಂಡಿತೆಂದು ನೂರಾರು ಮಂದಿ ಸುತ್ತುಗಟ್ಟುವುದು ಎಲ್ಲಕ್ಕಿಂತ ಅಪಾಯಕರ; ದಾರಿಗಾಣದ ಮೃಗವು ಎದುರಿಗೆ ಬಂದವನ ಮೇಲೆ ಬೀಳುತ್ತದೆ.

ಜನರು ಇಷ್ಟನ್ನು ಮಾಡಿದರೆ, ಸರ್ಕಾರದ ಕರ್ತವ್ಯವೂ ಒಂದುಂಟು. ಸತ್ತ ಕರುವಿನ ಪರಿಹಾರವು ಒಕ್ಕಲಿಗನ ಕೈಗೆ ಅಲೆದಾಟವಿಲ್ಲದೆ, ಬೇಗ ಸೇರಬೇಕು. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಿಸೆ ಮರದ ಒಡೆಯನಿಗೆ ಪರಿಹಾರ ಸಲ್ಲಿಸುವ ಏರ್ಪಾಡಾಯಿತು. ಕಿಬ್ಬರಿನಲ್ಲಿ ಗ್ರಾಮದವರೇ ನಷ್ಟವನ್ನು ಹಂಚಿಕೊಂಡರು. ಹಕ್ಕಿಯಾಗಲಿ ಮೃಗವಾಗಲಿ ಅದನ್ನು ಉಳಿಸಿದ ಪುಣ್ಯವು ನಾಡಿಗೆಲ್ಲ ಸಲ್ಲುವುದಾದರೆ, ಅದರ ವೆಚ್ಚವನ್ನು ಹಟ್ಟಿಯ ಒಡೆಯನೊಬ್ಬನೇ ಹೊರತಕ್ಕದ್ದು ಯಾವ ನ್ಯಾಯ?